ತುಂಬಿದ ನೃತ್ಯಾಂಗಣದಲ್ಲಿ ಸೆಕೆಯನ್ನು ತಗ್ಗಿಸುವ ಬಗೆ

ಬಿಸಿ ಬೇರೆ, ಸೆಕೆ ಬೇರೆ. ಒಣ ಗಾಳಿ ಬೀಸುವ ಕಡೆ 32 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಒಂದಷ್ಟು ಹೊತ್ತು ಕುಣಿಯಬಹುದು, ಏಕೆಂದರೆ ಮೈಮೇಲೆ ಹುಟ್ಟಿದ ಬೆವರು ಹುಟ್ಟಿದ ಹಾಗೆಯೇ ಆರುತ್ತಿರುತ್ತದೆ. ಗಾಳಿ ನಿಂತು ತೇವ ತುಂಬಿದ ಕೋಣೆಯಲ್ಲಾದರೆ 28 ಡಿಗ್ರಿಗೇ ಅಂಗಿ ಬೆನ್ನಿಗೆ ಅಂಟಿಕೊಂಡು ಉಸಿರು ಸಾಲದಂತಾಗುತ್ತದೆ. ಜನ ತುಂಬಿದ ನೃತ್ಯಾಂಗಣದಲ್ಲಿ ಕಾಡುವುದು ಬಹುಮಟ್ಟಿಗೆ ಈ ಎರಡನೆಯದೇ. ಉಷ್ಣಮಾಪಕದ ಅಂಕಿಯನ್ನು ಇಳಿಸಲು ಹಣ ಸುರಿಯುವವರು ಬಹಳ, ಬೆವರು ಆರುವುದಕ್ಕೆ ದಾರಿ ಮಾಡಿಕೊಡುವವರು ಕಡಿಮೆ. ಆದುದರಿಂದ ಇಲ್ಲಿ ಹೇಳುವ ಕೆಲಸಗಳ ಕ್ರಮ ಹೀಗಿದೆ: ಒಳಗಿನ ತೇವದ ಗಾಳಿಯನ್ನು ಹೊರದೂಡಬೇಕು, ಅದರ ಜಾಗಕ್ಕೆ ಬರುವ ಹೊರಗಿನ ಗಾಳಿ ಕುಣಿಯುವವರ ನಡುವೆಯೇ ಹಾದುಹೋಗುವಂತೆ ಮಾಡಬೇಕು, ಇವೆರಡೂ ಆದ ಮೇಲೆ ಉಳಿದ ಬಿಸಿಗೆ ತಕ್ಕಷ್ಟು ಮಾತ್ರ ತಂಪುಗೊಳಿಸಬೇಕು.

ಮೊದಲು ಲೆಕ್ಕ

ಸುಮ್ಮನೆ ಕುಳಿತ ವ್ಯಕ್ತಿಯ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ. ಹದವಾಗಿ ಕುಣಿಯುತ್ತಿರುವ ವ್ಯಕ್ತಿಗೆ ಹವಾನಿಯಂತ್ರಣದ ಎಂಜಿನಿಯರುಗಳು ಸುಮಾರು 250 ವ್ಯಾಟ್ ಎಂದು ಹಿಡಿಯುತ್ತಾರೆ. ಜೋರಾಗಿ ಕುಣಿದರೆ ಅದು ಇನ್ನೂ ಹೆಚ್ಚು. ಗಮನಿಸಬೇಕಾದದ್ದು ಈ 250ರ ಒಳಗಿನ ಪಾಲು. ಅದರಲ್ಲಿ ಗಾಳಿಯನ್ನು ನೇರವಾಗಿ ಬಿಸಿಮಾಡುವುದು 90 ವ್ಯಾಟ್‌ನಷ್ಟು ಮಾತ್ರ, ಉಳಿದ 160 ವ್ಯಾಟ್ ಬೆವರು ಆವಿಯಾಗಿ ಗಾಳಿಗೆ ಸೇರುವ ರೂಪದಲ್ಲಿ ಹೋಗುತ್ತದೆ. ಒಂದು ಲೀಟರ್ ಬೆವರು ಆರಲು ಸುಮಾರು 2,400 ಕಿಲೋಜೂಲ್ ಶಾಖ ಬೇಕಾಗುವುದರಿಂದ, ಒಬ್ಬೊಬ್ಬರೂ ಗಂಟೆಗೆ ಸುಮಾರು 240 ಮಿಲಿಲೀಟರ್ ನೀರನ್ನು ಕೋಣೆಯ ಗಾಳಿಗೆ ಸೇರಿಸುತ್ತಾರೆ ಎಂದಾಯಿತು. ಇನ್ನೂರು ಜನರಿದ್ದರೆ ಗಂಟೆಗೆ 48 ಲೀಟರ್. ಎರಡು ದೊಡ್ಡ ಕೊಡಗಳಷ್ಟು ನೀರನ್ನು ಪ್ರತಿ ಗಂಟೆಯೂ ಕಾಯಿಸಿ ಆವಿಯಾಗಿಸಿ ಕೋಣೆಯೊಳಗೆ ಬಿಟ್ಟಂತೆ. ಆ ಆವಿ ಹೊರಗೆ ಹೋಗದಿದ್ದರೆ ತಣ್ಣನೆಯ ಚಾವಣಿಗೆ, ಕಬ್ಬಿಣದ ತೊಲೆಗಳಿಗೆ ತಗುಲಿ ಹನಿಗಟ್ಟಿ ಮತ್ತೆ ಕುಣಿಯುವವರ ತಲೆಯ ಮೇಲೆಯೇ ತೊಟ್ಟಿಕ್ಕುತ್ತದೆ; ನೆಲ ಜಾರುತ್ತದೆ, ತಂತಿಗಳ ಜೋಡಣೆಗಳಿಗೂ ನೀರು ಇಳಿಯುತ್ತದೆ.

ಇದಕ್ಕೆ ಎಷ್ಟು ಹೊಸ ಗಾಳಿ ಬೇಕು? ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇ (ASHRAE) ಸಂಸ್ಥೆಯ ಗಾಳಿಯಾಟದ ಮಾನದಂಡ ನೃತ್ಯದ ಅಂಗಣಗಳಿಗೆ ತಲೆಗೆ ಸೆಕೆಂಡಿಗೆ 10 ಲೀಟರ್, ಅದರ ಮೇಲೆ ನೆಲದ ಪ್ರತಿ ಚದರ ಮೀಟರಿಗೆ 0.3 ಲೀಟರ್ ಹೊರಗಿನ ಗಾಳಿಯನ್ನು ಕನಿಷ್ಠ ಪ್ರಮಾಣವೆಂದು ಇಡುತ್ತದೆ. ಇದು ಕನಿಷ್ಠ ಎಂಬುದನ್ನು ಮರೆಯಬಾರದು. ಹವಾನಿಯಂತ್ರಣವಿರುವ ಕೋಣೆಯಲ್ಲಿ ಗಾಳಿ ಕೆಡದಿರಲು ಇಷ್ಟು ಬೇಕು ಎಂಬ ಲೆಕ್ಕವೇ ಹೊರತು, ಗಾಳಿಯಿಂದಲೇ ಕೋಣೆಯನ್ನು ತಂಪಾಗಿಡುವ ಲೆಕ್ಕವಲ್ಲ. ಗಾಳಿಯನ್ನೇ ನೆಚ್ಚುವುದಾದರೆ ಅದರ ಎರಡರಷ್ಟನ್ನು, ಎಂದರೆ ತಲೆಗೆ 20 ಲೀಟರನ್ನು, ಗುರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಉದಾಹರಣೆಗೆ 200 ಚದರ ಮೀಟರ್ ನೆಲ, 5 ಮೀಟರ್ ಎತ್ತರ, 200 ಜನ ಇರುವ ಸಭಾಂಗಣವನ್ನು ತೆಗೆದುಕೊಳ್ಳೋಣ. ತಲೆಗೆ 20 ಲೀಟರಿನಂತೆ ಸೆಕೆಂಡಿಗೆ 4 ಘನ ಮೀಟರ್ ಗಾಳಿ ಬೇಕು. ಗಂಟೆಗೆ 14,400 ಘನ ಮೀಟರ್, ಫ್ಯಾನಿನ ಪೆಟ್ಟಿಗೆಯ ಮೇಲೆ ಬರೆಯುವ ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಅಳತೆಯಲ್ಲಿ ಸುಮಾರು 8,500. ಕೋಣೆಯ ಗಾಳಿಯೆಲ್ಲ ಗಂಟೆಗೆ ಹದಿನಾಲ್ಕು ಬಾರಿ ಬದಲಾದಂತಾಗುತ್ತದೆ. ಜನರ ಮೈಯಿಂದ ಗಾಳಿಗೆ ನೇರವಾಗಿ ಬರುವ ಶಾಖ 18 ಕಿಲೋವ್ಯಾಟ್, ದೀಪ ಮತ್ತು ಧ್ವನಿವರ್ಧಕಗಳದ್ದು 6 ಕಿಲೋವ್ಯಾಟ್ ಎಂದು ಹಿಡಿದರೆ ಒಟ್ಟು 24 ಕಿಲೋವ್ಯಾಟ್. ಸೆಕೆಂಡಿಗೆ ಒಂದು ಘನ ಮೀಟರಿನಂತೆ ಹರಿಯುವ ಗಾಳಿ ಒಂದು ಡಿಗ್ರಿ ಬಿಸಿಯಾಗಿ ಹೊರಗೆ ಹೋಗುವಾಗ ಸುಮಾರು 1.2 ಕಿಲೋವ್ಯಾಟ್ ಶಾಖವನ್ನು ಹೊತ್ತೊಯ್ಯುತ್ತದೆ. ಆದುದರಿಂದ ಈ ಸಭಾಂಗಣ ಹೊರಗಿಗಿಂತ ಸುಮಾರು 5 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ಹೊರಗೆ 22 ಡಿಗ್ರಿ ಇದ್ದರೆ ಒಳಗೆ 27, ಏ.ಸಿ. ಇಲ್ಲದೆಯೇ ನಿಭಾಯಿಸಬಹುದು. ಹೊರಗೆ 30 ಇದ್ದರೆ ಒಳಗೆ 35; ಆಗ ಗಾಳಿಯೊಂದೇ ಸಾಲದು. ನಿಮ್ಮ ಅಂಗಣದ ಅಳತೆ, ನಿಮ್ಮ ಜನಸಂಖ್ಯೆ, ನಿಮ್ಮಲ್ಲಿಯ ಸಂಜೆಯ ತಾಪಮಾನ ಇವನ್ನಿಟ್ಟು ಇದೇ ಲೆಕ್ಕವನ್ನು ಮಾಡಿನೋಡಿದರೆ, ಏ.ಸಿ.ಗೆ ಹಣ ಹಾಕಬೇಕೋ ಫ್ಯಾನಿಗೆ ಹಾಕಬೇಕೋ ಎಂಬುದು ಕಾಗದದ ಮೇಲೆಯೇ ತಿಳಿಯುತ್ತದೆ.

ಇದೇ ಲೆಕ್ಕ ದೀಪಗಳ ಬಗೆಗೂ ಕಣ್ಣು ತೆರೆಸುತ್ತದೆ. ವೇದಿಕೆಗೆ ಬೆಳಕು ಚೆಲ್ಲುವ ಹಳೆಯ ಹ್ಯಾಲೊಜೆನ್ ಪಾರ್ ದೀಪ ಒಂದೊಂದೂ 1,000 ವ್ಯಾಟ್. ಅಂಥ ಹನ್ನೆರಡು ದೀಪ ಉರಿದರೆ ನಲವತ್ತೆಂಟು ಜನ ಹೆಚ್ಚಾಗಿ ಒಳಬಂದಷ್ಟು ಶಾಖ. ಅವುಗಳಿಗೆ ಬದಲಾಗಿ ಎಲ್‌ಇಡಿ ಹಾಕುವುದು ಈ ಪಟ್ಟಿಯಲ್ಲಿ ಅತ್ಯಂತ ಸುಲಭದ ಕೆಲಸ.

ಗಾಳಿಗೆ ಹಾದಿ

ಫ್ಯಾನು ಕೊಳ್ಳುವ ಮೊದಲು ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೆಲದ ನಕ್ಷೆಯ ಮೇಲೆ ಬಾಣಗಳಿಂದ ಬರೆದುಕೊಳ್ಳಬೇಕು. ಬಿಸಿ ಗಾಳಿ ಮೇಲಕ್ಕೇರುವುದರಿಂದ ಹೊರಹೋಗುವ ದಾರಿ ಚಾವಣಿಯ ಹತ್ತಿರ, ಕುಣಿಯುವ ಜಾಗದ ನೆತ್ತಿಯ ಮೇಲೆ ಅಥವಾ ಅದರ ಆಚೆಯ ಗೋಡೆಯ ಮೇಲ್ಭಾಗದಲ್ಲಿರಬೇಕು. ಒಳಬರುವ ದಾರಿ ಎದುರು ಬದಿಯಲ್ಲಿ, ಕೆಳಗಡೆ ಇರಬೇಕು. ಎರಡೂ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಇದ್ದರೆ ಬಂದ ಗಾಳಿ ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಪ್ರವೇಶದ್ವಾರದ ಪಕ್ಕದಲ್ಲಿಯೇ ಎಕ್ಸಾಸ್ಟ್ ಫ್ಯಾನು ಕೂರಿಸಿರುವ ಸಭಾಂಗಣಗಳಲ್ಲಿ ದ್ವಾರಪಾಲಕನೊಬ್ಬನಿಗೆ ತಂಪಾದ ಗಾಳಿ, ನಡುವಿನಲ್ಲಿ ಕುಣಿಯುವ ನೂರು ಜನಕ್ಕೆ ನಿಂತ ಗಾಳಿ ಎಂಬ ಪರಿಸ್ಥಿತಿ ಬರುವುದು ಹೀಗೆ.

ಹೊರದೂಡುವುದಕ್ಕೆ ಕೊಡುವ ಗಮನವನ್ನು ಒಳತರುವುದಕ್ಕೆ ಕೊಡದಿರುವುದು ಬಹಳ ಸಾಮಾನ್ಯವಾದ ತಪ್ಪು. ಎಲ್ಲ ಕಿಟಕಿಗಳನ್ನೂ ಬಿಗಿದು ದೊಡ್ಡ ಎಕ್ಸಾಸ್ಟ್ ಹಾಕಿದರೆ ಅದು ಸ್ವಲ್ಪ ಹೊತ್ತು ಅಬ್ಬರಿಸಿ, ಒಳಗಿನ ಒತ್ತಡ ತಗ್ಗಿದ ಮೇಲೆ ಬಹುಮಟ್ಟಿಗೆ ಬರಿದೆ ತಿರುಗುತ್ತಿರುತ್ತದೆ. ಬಾಗಿಲ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿದ್ದರೆ, ಹೊರಕ್ಕೆ ತೆರೆಯುವ ಬಾಗಿಲನ್ನು ತಳ್ಳಲು ಭಾರವೆನಿಸಿದರೆ, ಶೌಚಾಲಯದ ವಾಸನೆ ಅಂಗಣಕ್ಕೆ ಬರುತ್ತಿದ್ದರೆ ಇದೇ ಕಾರಣ. ತುರ್ತು ನಿರ್ಗಮನದ ಬಾಗಿಲು ಬಿಗಿಯುವುದಂತೂ ಅಪಾಯಕರ. ನಮ್ಮ ಉದಾಹರಣೆಯ 4 ಘನ ಮೀಟರ್ ಗಾಳಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಸದ್ದಿಲ್ಲದೆ ಒಳಬರಬೇಕಾದರೆ ತಡೆಯಿಲ್ಲದ 2 ಚದರ ಮೀಟರ್ ತೆರಪು ಬೇಕು. ಜಾಲರಿ ಹಾಕಿದರೆ ಜಾಲರಿಯ ಕಡ್ಡಿಗಳು ನುಂಗುವ ಜಾಗವನ್ನು ಕಳೆದು ಲೆಕ್ಕ ಹಿಡಿಯಬೇಕು. ಹಾಗೆಯೇ ಫ್ಯಾನಿನ ಮೇಲೆ ಬರೆದಿರುವ ಅಂಕಿ ಎದುರಿಗೆ ಅಡ್ಡಿಯೇನೂ ಇಲ್ಲದಿದ್ದಾಗಿನದು. ಉದ್ದನೆಯ ಕೊಳವೆ, ತಿರುವು, ಶೋಧಕ ಸೇರಿದಂತೆಲ್ಲ ನಿಜವಾದ ಹರಿವು ಇಳಿಯುತ್ತದೆ. ಆದುದರಿಂದ ಅಗತ್ಯಕ್ಕಿಂತ ಸ್ವಲ್ಪ ದೊಡ್ಡ ಫ್ಯಾನನ್ನು ಕೊಂಡು ನಿಧಾನವಾಗಿ ತಿರುಗಿಸುವುದು ಒಳ್ಳೆಯದು. ಗದ್ದಲವೂ ಕಡಿಮೆ, ಜನ ಹೆಚ್ಚಾದಾಗ ವೇಗ ಏರಿಸಲು ಕೈಯಲ್ಲಿ ಮಿಗತೆಯೂ ಇರುತ್ತದೆ. ಒಳತರುವ ಬಾಯಿ ಜನರೇಟರ್, ವಾಹನ ನಿಲುಗಡೆ, ಅಡುಗೆಮನೆಯ ಚಿಮಣಿ ಅಥವಾ ಧೂಮಪಾನದ ಜಾಗದ ಕಡೆಗೆ ಮುಖಮಾಡಿರಬಾರದು.

ಹಾದಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬೆಲೆಬಾಳುವ ಉಪಕರಣ ಬೇಕಿಲ್ಲ, ಹೊಗೆ ಬಿಡುವ ಯಂತ್ರ ಸಾಕು. ಅಗ್ನಿ ಎಚ್ಚರಿಕೆಯ ಹೊಣೆ ಹೊತ್ತವರಿಗೆ ಮೊದಲೇ ತಿಳಿಸಿ, ಖಾಲಿ ಸಭಾಂಗಣವನ್ನು ಹೊಗೆಯಿಂದ ತುಂಬಿಸಿ, ಫ್ಯಾನುಗಳನ್ನೆಲ್ಲ ಹಾಕಿ ಗಡಿಯಾರ ನೋಡಬೇಕು. ಗಂಟೆಗೆ ಹದಿನಾಲ್ಕು ಬಾರಿ ಗಾಳಿ ಬದಲಾಗುವ ಕೋಣೆಯಲ್ಲಿ ಹೊಗೆಯ ನೂರರಲ್ಲಿ ತೊಂಬತ್ತೈದು ಪಾಲು ಸುಮಾರು 13 ನಿಮಿಷದಲ್ಲಿ ಹೋಗಬೇಕು. ಏಳು ಬಾರಿಯಾದರೆ 26 ನಿಮಿಷ ಹಿಡಿಯುತ್ತದೆ. ಸಮಯಕ್ಕಿಂತಲೂ ಮುಖ್ಯವಾದ ಪಾಠವೆಂದರೆ ಹೊಗೆ ಕೊನೆಯತನಕ ಎಲ್ಲಿ ಕದಲದೆ ನಿಂತಿರುತ್ತದೆ ಎಂಬುದು. ವೇದಿಕೆಯ ಮುಂದಿನ ಮೂಲೆಯೋ, ಉಪ್ಪರಿಗೆಯ ಕೆಳಗಿನ ತಗ್ಗು ಜಾಗವೋ ಆಗಿದ್ದರೆ ಆ ರಾತ್ರಿ ಮೂರ್ಛೆ ಹೋಗುವವರು ಅಲ್ಲಿಯೇ ಸಿಗುತ್ತಾರೆ. ಅಂಥ ಮೂಲೆಗೆ ಒಂದು ಪೆಡೆಸ್ಟಲ್ ಫ್ಯಾನನ್ನು ಹೊರದಾರಿಯ ಕಡೆಗೆ ಮುಖಮಾಡಿ ಇಟ್ಟರೆ ಬಹಳಷ್ಟು ಸರಿಹೋಗುತ್ತದೆ.

ಬೀಸುವ ಫ್ಯಾನು, ನೀರಿನ ಕೂಲರು

ಚಾವಣಿಯ ಫ್ಯಾನು ಗಾಳಿಯನ್ನು ಬದಲಾಯಿಸುವುದಿಲ್ಲ, ಇದ್ದ ಗಾಳಿಯನ್ನೇ ಕಲಕುತ್ತದೆ. ಹಾಗೆಂದು ಅದನ್ನು ಕಡೆಗಣಿಸಬಾರದು. ಸೆಕೆಂಡಿಗೆ ಸುಮಾರು 0.8 ಮೀಟರ್ ವೇಗದ ಗಾಳಿ ಮೈಗೆ ತಗುಲಿದರೆ ಎರಡರಿಂದ ಮೂರು ಡಿಗ್ರಿ ತಂಪಾದಂತೆ ಅನಿಸುತ್ತದೆ, ಮತ್ತು ಆ ತಂಪಿಗೆ ತಗಲುವ ವಿದ್ಯುತ್ತು ಏ.ಸಿ.ಗೆ ಹೋಲಿಸಿದರೆ ಅತ್ಯಲ್ಪ. ಎತ್ತರದ ಚಾವಣಿಯಿದ್ದರೆ ಹಲವು ಚಿಕ್ಕ ಫ್ಯಾನುಗಳಿಗಿಂತ ನಿಧಾನವಾಗಿ ತಿರುಗುವ, ಹಲವು ಮೀಟರ್ ಅಗಲದ ಒಂದು ದೊಡ್ಡ ಫ್ಯಾನು ಮೇಲು. ದೀಪಗಳು ಅದರ ರೆಕ್ಕೆಗಳ ಮೇಲ್ಗಡೆ ಇದ್ದರೆ ಬೆಳಕು ಕಡಿದು ಕಡಿದು ಮಿನುಗಿ ಕಣ್ಣಿಗೆ ಹಿಂಸೆಯಾಗುತ್ತದೆ ಎಂಬುದನ್ನಷ್ಟೇ ನೋಡಿಕೊಳ್ಳಬೇಕು. ಫ್ಯಾನಿಗೂ ಒಂದು ಮಿತಿಯಿದೆ. ಚರ್ಮದ ತಾಪಮಾನ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದಾಗ ಫ್ಯಾನಿನಿಂದ ಸಿಗುವ ನೆರವು ಬೆವರು ಆರಿಸುವುದಷ್ಟೇ ಆಗಿ ಉಳಿಯುತ್ತದೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ಇನ್ನಷ್ಟು ಬಿಸಿಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ.

ನೀರು ಆರಿಸಿ ತಂಪು ಮಾಡುವ ಕೂಲರನ್ನು ಮುಚ್ಚಿದ ನೃತ್ಯಾಂಗಣದೊಳಗೆ ಇಡಬಾರದು. ಗಂಟೆಗೆ 48 ಲೀಟರ್ ಬೆವರಿನ ಆವಿಯೊಡನೆ ಹೋರಾಡುತ್ತಿರುವ ಕೋಣೆಗೆ ಅದು ಇನ್ನಷ್ಟು ನೀರನ್ನೇ ಸೇರಿಸುತ್ತದೆ. ಹೊರಗಿನ ಗಾಳಿ ತುಂಬ ಒಣಗಿದ್ದು, ಕೂಲರು ಗೋಡೆಯ ಹೊರಬದಿಯಲ್ಲಿದ್ದು, ಎದುರು ಬದಿಯಿಂದ ಅಷ್ಟೇ ಗಾಳಿ ಹೊರಹೋಗುತ್ತಿದ್ದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಏ.ಸಿ.ಯನ್ನು ಸರಿಯಾಗಿ ಕೇಳುವುದು

ಗೋಡೆಗೆ ಹಾಕುವ ಸಾಮಾನ್ಯ ಸ್ಪ್ಲಿಟ್ ಏ.ಸಿ. ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ; ಕೋಣೆಯ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಹತ್ತು ಏ.ಸಿ. ಹಾಕಿಸಿ ಎಕ್ಸಾಸ್ಟ್ ನಿಲ್ಲಿಸಿದವರು ತಣ್ಣಗಿರುವ ಉಸಿರುಗಟ್ಟುವ ಕೋಣೆಯೊಂದನ್ನು ಕಟ್ಟಿಕೊಂಡಿರುತ್ತಾರೆ. 2020ರ ಆರಂಭದಲ್ಲಿ ದಕ್ಷಿಣ ಕೊರಿಯಾದ ಚೆಯೊನಾನ್ ನಗರದಲ್ಲಿ ವ್ಯಾಯಾಮ ನೃತ್ಯದ ತರಗತಿಗಳಿಗೆ ಸಂಬಂಧಿಸಿ ನೂರಕ್ಕೂ ಹೆಚ್ಚು ಜನರಿಗೆ ಕೋವಿಡ್ ತಗುಲಿತ್ತು. ಜೋರಾಗಿ ಉಸಿರಾಡುವ ಜನ ಕಿಕ್ಕಿರಿದ ಕೋಣೆಯಲ್ಲಿ ಗಾಳಿ ಬದಲಾಗಬೇಕೆನ್ನಲು ಸೆಕೆಯೊಂದೇ ಕಾರಣವಲ್ಲ.

ಎರಡನೆಯ ತೊಡಕು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸಾಮಾನ್ಯ ಏ.ಸಿ.ಯ ಶಕ್ತಿಯಲ್ಲಿ ಹೆಚ್ಚು ಪಾಲು ಗಾಳಿಯನ್ನು ತಣಿಸಲು, ಕಡಿಮೆ ಪಾಲು ತೇವವನ್ನು ಹಿಂಡಲು ಹೋಗುತ್ತದೆ. ಕುಣಿಯುವ ಜನ ಕೊಡುವ ಹೊರೆ ಇದಕ್ಕೆ ತದ್ವಿರುದ್ಧ. ಅದರಲ್ಲಿ ಮೂರನೇ ಎರಡರಷ್ಟು ತೇವವೇ. ಆದುದರಿಂದ ಗಾಳಿ ಬೇಗ ತಣಿಯುತ್ತದೆ, ಥರ್ಮೋಸ್ಟಾಟ್ ತೃಪ್ತಿಪಟ್ಟು ಕಂಪ್ರೆಸರನ್ನು ನಿಲ್ಲಿಸುತ್ತದೆ, ತೇವ ಹಾಗೆಯೇ ಉಳಿದು ಕೋಣೆ ತಣ್ಣಗೆ ಜಿನುಗುತ್ತಿರುತ್ತದೆ. ಏ.ಸಿ. ಕೂರಿಸುವವರೊಡನೆ ಮಾತನಾಡುವಾಗ ಎಷ್ಟು ಟನ್ ಎಂದಷ್ಟೇ ಕೇಳದೆ, ಗಂಟೆಗೆ ಎಷ್ಟು ಲೀಟರ್ ನೀರು ತೆಗೆಯುತ್ತದೆ, ಹೊರಗಿನ ಗಾಳಿಯನ್ನು ತಣಿಸಿ ಒಳತರುವ ಪ್ರತ್ಯೇಕ ಘಟಕ ಇದೆಯೇ ಎಂದು ಕೇಳಬೇಕು. ಇರುವ ಯಂತ್ರದಲ್ಲೇ ಸುಧಾರಿಸಬೇಕಾದರೆ ಅದರ ಒಳ ಫ್ಯಾನಿನ ವೇಗವನ್ನು ತಗ್ಗಿಸಬಹುದು, ತೇವ ತೆಗೆಯುವ ಡ್ರೈ ಕ್ರಮದಲ್ಲಿ ಓಡಿಸಬಹುದು.

ಪ್ರಮಾಣದ ಅಂದಾಜಿಗೆ: ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಇನ್ನೂರು ಜನರ 50 ಕಿಲೋವ್ಯಾಟ್, ದೀಪಗಳ 6, ಎರಡೂ ಸೇರಿ ಸುಮಾರು 16 ಟನ್. ಬಿಸಿಯಾದ ತೇವದ ಹವೆಯಲ್ಲಿ ಒಳತರುವ ಹೊರಗಾಳಿಯನ್ನು ತಣಿಸಲು ಬೇಕಾದದ್ದು ಇದಕ್ಕೆ ಬೇರೆ, ಮತ್ತು ಅದು ಚಿಕ್ಕ ಮೊತ್ತವೇನಲ್ಲ. ಇಂಥ ಕಡೆ ಹೊರಹೋಗುವ ತಂಪು ಗಾಳಿಯಿಂದ ಒಳಬರುವ ಬಿಸಿ ಗಾಳಿಯನ್ನು ಮೊದಲೇ ತಣಿಸಿಕೊಳ್ಳುವ ವಿನಿಮಯ ಯಂತ್ರ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಶಾಖವನ್ನು ಎಸೆಯದೆ ಉಳಿಸಿಕೊಳ್ಳುವವರೂ ಇದ್ದಾರೆ: ಸ್ಕಾಟ್ಲೆಂಡಿನ ಗ್ಲಾಸ್ಗೋದ ಎಸ್‌ಡಬ್ಲ್ಯುಜಿ3 ಎಂಬ ನೃತ್ಯತಾಣದಲ್ಲಿ 2022ರಿಂದ ಕುಣಿಯುವವರ ಮೈಶಾಖವನ್ನು ಶಾಖ ಪಂಪುಗಳ ಮೂಲಕ ಸೆಳೆದು ನೆಲದಾಳದ ಕೊಳವೆಬಾವಿಗಳಲ್ಲಿ ಕೂಡಿಟ್ಟು, ಬೇಕಾದಾಗ ಕಟ್ಟಡವನ್ನು ಬೆಚ್ಚಗಿಡಲು ಬಳಸುತ್ತಾರೆ.

ಸದ್ದು, ಮಂಜು, ಬೆಂಕಿ

ನೃತ್ಯಾಂಗಣಗಳಲ್ಲಿ ಗಾಳಿಯ ಹಾದಿಯನ್ನು ಮುಚ್ಚಿಸುವವರು ಹೆಚ್ಚಾಗಿ ಇಬ್ಬರು: ಸದ್ದಿನ ಬಗ್ಗೆ ದೂರುವ ನೆರೆಯವರು, ಬೆಳಕಿನ ಕಿರಣಗಳು ಎದ್ದುಕಾಣಲಿ ಎಂದು ಹೊಗೆ ಯಂತ್ರ ಬಿಡುವ ಮಂಜನ್ನು ಹಿಡಿದಿಡಲು ಬಯಸುವ ದೀಪದ ತಂತ್ರಜ್ಞರು. ನೆರೆಯವರ ದೂರು ನ್ಯಾಯವಾದದ್ದೇ. ಅದಕ್ಕೆ ಉತ್ತರ ಕಿಟಕಿ ಬಿಗಿಯುವುದಲ್ಲ. ಒಳಬದಿಗೆ ಸದ್ದು ಹೀರುವ ಪದರವಿರುವ, ಒಂದೆರಡು ತಿರುವುಗಳಿರುವ ಕೊಳವೆಯ ಮೂಲಕ ಗಾಳಿಯನ್ನು ತರುವುದು ಮತ್ತು ಪ್ರವೇಶದಲ್ಲಿ ಎರಡು ಬಾಗಿಲುಗಳ ನಡುವೆ ಒಂದು ಚಿಕ್ಕ ಅಂಕಣ ಬಿಡುವುದು. ಇಂಥ ಕೊಳವೆಗಳು ಕೀಚಲು ಸದ್ದನ್ನು ಚೆನ್ನಾಗಿ ನುಂಗುತ್ತವೆ, ಬೇಸ್‌ನ ಗುಡುಗನ್ನು ಅಷ್ಟಾಗಿ ನುಂಗುವುದಿಲ್ಲ. ಆದುದರಿಂದ ಬೇಸ್ ಪೆಟ್ಟಿಗೆಗಳ ಹಿಂದೆಯೇ ಗಾಳಿಯ ಬಾಯಿ ಇಡಬಾರದು. ಇನ್ನು ಮಂಜಿನ ವಿಷಯ: ಫ್ಯಾನು ನಿಲ್ಲಿಸೆಂಬ ಬೇಡಿಕೆಗೆ ಒಪ್ಪಬಾರದು. ಮಂಜು ಸಾಲದಿದ್ದರೆ ಯಂತ್ರವನ್ನು ಇನ್ನಷ್ಟು ಬಾರಿ ಓಡಿಸಲಿ.

ಸದ್ದು ತಡೆಯಲು ಅಗ್ಗದ ಫೋಮನ್ನು ಗೋಡೆಗೆ, ಚಾವಣಿಗೆ ಅಂಟಿಸುವುದು ಕೊಲ್ಲುವ ಕೆಲಸ. ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ 2003ರ ಫೆಬ್ರುವರಿಯಲ್ಲಿ 100 ಜನ, ಬ್ರೆಜಿಲಿನ ಸಾಂತಾ ಮರಿಯಾದ ಕಿಸ್ ನೈಟ್‌ಕ್ಲಬ್ಬಿನಲ್ಲಿ 2013ರ ಜನವರಿಯಲ್ಲಿ 242 ಜನ ಸತ್ತರು. ಎರಡೂ ಕಡೆ ವೇದಿಕೆಯ ಬಾಣಬಿರುಸಿನ ಕಿಡಿ ಇಂಥ ಫೋಮಿಗೆ ಹತ್ತಿತ್ತು. ಗಾಳಿ ಕೊಳವೆಯ ಒಳಪದರವೂ ಉರಿಯದ ವಸ್ತುವಿನದೇ ಆಗಿರಬೇಕು. ಗಾಳಿ ಬರಲೆಂದು ಬೆಂಕಿ ತಡೆಯುವ ಬಾಗಿಲುಗಳಿಗೆ ಕಲ್ಲು ಕೊಟ್ಟು ತೆರೆದಿಡಬಾರದು. ಅಗ್ನಿ ಎಚ್ಚರಿಕೆ ಮೊಳಗಿದಾಗ ಫ್ಯಾನುಗಳು ನಿಲ್ಲಬೇಕೋ ಹೊಗೆ ಸೆಳೆಯುವ ಕ್ರಮಕ್ಕೆ ಹೋಗಬೇಕೋ ಎಂಬುದನ್ನು ಅಗ್ನಿಶಾಮಕ ಅಧಿಕಾರಿಗಳಿಂದ ತೀರ್ಮಾನಿಸಿಕೊಂಡಿರಬೇಕು.

ಒಣಮಂಜುಗಡ್ಡೆ (ಘನರೂಪದ ಇಂಗಾಲದ ಡೈಆಕ್ಸೈಡ್) ಮತ್ತು ಬುಸ್ಸೆಂದು ಚಿಮ್ಮುವ ಇಂಗಾಲದ ಡೈಆಕ್ಸೈಡ್ ಕೊಳವೆಗಳು ತಂಪಿನ ಸಾಧನಗಳಲ್ಲ. ಆ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿದ್ದು ತಗ್ಗಿನಲ್ಲಿ ಶೇಖರವಾಗುತ್ತದೆ. 2020ರ ಫೆಬ್ರುವರಿಯಲ್ಲಿ ಮಾಸ್ಕೋದ ಒಂದು ಹುಟ್ಟುಹಬ್ಬದ ಕೂಟದಲ್ಲಿ ಒಳಾಂಗಣ ಈಜುಕೊಳಕ್ಕೆ ಒಣಮಂಜುಗಡ್ಡೆ ಸುರಿದು ಮೂವರು ಪ್ರಾಣ ಕಳೆದುಕೊಂಡರು. ನೆಲಮಾಳಿಗೆಯ ಅಂಗಣವಾದರೆ ಇವನ್ನು ಬಿಟ್ಟುಬಿಡುವುದೇ ಸರಿ.

ಕಾರ್ಯಕ್ರಮದ ದಿನ

ಗೋಡೆ, ನೆಲ, ಚಾವಣಿಗಳು ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಹೊರಗೆ ತಂಪಾದ ಕೂಡಲೇ ಎಲ್ಲ ಬಾಗಿಲು ಕಿಟಕಿಗಳನ್ನು ತೆರೆದು ಫ್ಯಾನುಗಳನ್ನು ಓಡಿಸಿ, ಜನ ಬರುವುದಕ್ಕೆ ಒಂದೆರಡು ಗಂಟೆ ಮೊದಲೇ ಕಟ್ಟಡವನ್ನು ತಣಿಸಬೇಕು. ಕೋಣೆ ತುಂಬಿದ ಮೇಲೆ ಏ.ಸಿ. ಹಾಕಿದರೆ ಅದು ಇಡೀ ರಾತ್ರಿ ಹಿಂದೆಯೇ ಓಡುತ್ತಿರುತ್ತದೆ.

ಒಳಗಿನ ಸ್ಥಿತಿ ತಿಳಿಯಲು ತಾಪಮಾನ, ಆರ್ದ್ರತೆ ಮತ್ತು ಇಂಗಾಲದ ಡೈಆಕ್ಸೈಡನ್ನು ತೋರಿಸುವ ಒಂದೆರಡು ಮಾಪಕಗಳನ್ನು ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಗಾಳಿಯ ಬಾಯಿಗಳಿಂದ ದೂರ ತೂಗುಹಾಕಬೇಕು. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಸುಮಾರು 420 ಪಾಲು ಇರುತ್ತದೆ. ಕಚೇರಿ, ತರಗತಿಗಳಿಗೆ 1,000 ಎಂಬ ಗೆರೆಯನ್ನು ಸಾಮಾನ್ಯವಾಗಿ ಎಳೆಯುತ್ತಾರೆ. ಅದನ್ನು ಇಲ್ಲಿಗೆ ತಂದರೆ ಗೊಂದಲವಾಗುತ್ತದೆ. ಕುಣಿಯುವವರು ಕುಳಿತವರಿಗಿಂತ ಮೂರು ನಾಲ್ಕು ಪಟ್ಟು ಹೆಚ್ಚು ಹೊರಬಿಡುವುದರಿಂದ ಗಾಳಿ ಚೆನ್ನಾಗಿ ಹರಿಯುತ್ತಿದ್ದರೂ ಅಂಕಿ ಸಾವಿರವನ್ನು ದಾಟುತ್ತದೆ. ನಾನು ನೋಡುವುದು ಏರಿಕೆಯನ್ನು: 1,500ರ ಆಸುಪಾಸಿನಲ್ಲಿ ನಿಂತರೆ ಸರಿ, 2,000 ದಾಟಿಯೂ ಏರುತ್ತಲೇ ಇದ್ದರೆ ಜನ ಹೆಚ್ಚಾಗಿದ್ದಾರೆ ಅಥವಾ ಎಲ್ಲೋ ಒಂದು ಫ್ಯಾನು ನಿಂತಿದೆ. ಮೊದಲು ಫ್ಯಾನುಗಳನ್ನು ನೋಡಬೇಕು, ಅವು ಓಡುತ್ತಿದ್ದರೆ ಬಾಗಿಲಲ್ಲಿ ಪ್ರವೇಶವನ್ನು ತಡೆಹಿಡಿಯಬೇಕು. ಸಂಗೀತ ನುಡಿಸುವವರ ಕೈಯಲ್ಲಿಯೂ ಒಂದು ಕೀಲಿಯಿದೆ: ಲಯವನ್ನು ಕಾಲು ಗಂಟೆ ನಿಧಾನಗೊಳಿಸಿದರೆ ಜನ ಅಂಚಿಗೆ ಸರಿಯುತ್ತಾರೆ, ನೀರು ಕುಡಿಯುತ್ತಾರೆ, ಫ್ಯಾನುಗಳಿಗೆ ಬಾಕಿ ತೀರಿಸಲು ಬಿಡುವು ಸಿಗುತ್ತದೆ.

ಎಷ್ಟೇ ಗಾಳಿಯಿದ್ದರೂ ಕೆಲವರಿಗೆ ಬಿಸಿ ಹತ್ತುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ನೃತ್ಯ ಕ್ಲಬ್ಬುಗಳಲ್ಲಿ ರೂಢಿಗೆ ಬಂದ, ಕುಣಿಯುವ ಜಾಗದಿಂದ ಬೇರೆಯಾದ ತಂಪಾದ ವಿಶ್ರಾಂತಿ ಕೋಣೆ ಇಂದಿಗೂ ಒಳ್ಳೆಯ ಉಪಾಯ. ಕುಡಿಯುವ ನೀರು ಬೆಲೆಯಿಲ್ಲದೆ, ಸರದಿಯಿಲ್ಲದೆ ಸಿಗಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮದ್ಯ ಮಾರುವ ತಾಣಗಳು ಕೇಳಿದವರಿಗೆ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂಬುದು 2010ರಿಂದ ಪರವಾನಗಿಯ ಷರತ್ತೇ ಆಗಿದೆ. ತಲೆಸುತ್ತು, ವಾಕರಿಕೆ, ಸ್ನಾಯು ಹಿಡಿತ ಕಂಡವರನ್ನು ತಂಪಿಗೆ ಕರೆತಂದು ಕೂರಿಸಿ ಸ್ವಲ್ಪ ಸ್ವಲ್ಪವಾಗಿ ನೀರು ಕೊಡಬೇಕು. ಮೈ ಸುಡುತ್ತಿದ್ದು ಮಾತು ತೊದಲಿದರೆ, ಗಲಿಬಿಲಿಗೊಂಡರೆ, ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತ. ಆಂಬುಲೆನ್ಸ್ ಕರೆಸಿ, ಅದು ಬರುವವರೆಗೂ ಮೈಗೆ ತಣ್ಣೀರು ಸುರಿಯುತ್ತ ಗಾಳಿ ಬೀಸುತ್ತಿರಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಕೊನೆಯ ಅತಿಥಿ ಹೋದ ಮೇಲೂ ಎಕ್ಸಾಸ್ಟನ್ನು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಓಡಿಸಿದರೆ ಗೋಡೆ ಪರದೆಗಳು ಹೀರಿಕೊಂಡ ತೇವ ಹೊರಹೋಗಿ ಬೂಷ್ಟು ಹಿಡಿಯುವುದು ತಪ್ಪುತ್ತದೆ. ಮಂಜಿನ ಯಂತ್ರದ ದ್ರವ ಧೂಳಿನೊಡನೆ ಸೇರಿ ಶೋಧಕಗಳ ಮೇಲೆ ಅಂಟು ಪದರವಾಗುವುದರಿಂದ ಅವನ್ನು ಕಚೇರಿಯ ಏ.ಸಿ.ಯಂತೆ ವರ್ಷಕ್ಕೊಮ್ಮೆ ತೊಳೆದರೆ ಸಾಲದು, ತಿಂಗಳಿಗೊಮ್ಮೆಯಾದರೂ ತೆಗೆದು ನೋಡಬೇಕು. ಹೊಗೆಯ ಪರೀಕ್ಷೆಯನ್ನು ಅದೇ ದಿನ ಮತ್ತೊಮ್ಮೆ ಮಾಡಿ ಹಿಂದಿನ ಸಮಯದೊಂದಿಗೆ ಹೋಲಿಸಿ ಬರೆದಿಡಬೇಕು.